ಡಿಸ್ಕ್ ೩ (ಸರಿಯಾದದ್ದು)

ಹಳದೀಪುರದ ದೊಡ್ಡಮ್ಮನ ಮನೆಯಲ್ಲಿ ಹಲಸಿನ ಹಪ್ಪಳ ಕಾಯುವ ಕೆಲಸ ಸಿಕ್ಕಿದರೆ ನಾನು ಬೇಡವೆನ್ನುವುದಿಲ್ಲ. ಅದು ಮಾತನಾಡಬೇಕಿಲ್ಲದ ಕೆಲಸ. ಕುಮಟಾದಿಂದ ಬಸ್ಸು ಹತ್ತಿ ಬಂದವಳಿಗೆ ಬಂಧುಬಳಗಕ್ಕಿಂತ ಕಾಗೆಗಳ ಸಂಗವೇ ಹಿತ. ಅವು ಕೇಳುವುದು ಒಂದೇ ಪ್ರಶ್ನೆ, ಅದೂ ಹಪ್ಪಳದ ಕುರಿತು.

ಕಳೆದ ಭಾನುವಾರ ಹೀಗೆಯೇ ತಾರಸಿಯ ಮೇಲೆ ಕೊಡೆ ಬಿಡಿಸಿಕೊಂಡು ಪುಸ್ತಕ ಓದುತ್ತ ಕೂತಿದ್ದೆ. ಪುಟದ ಮೇಲೆ ಬೆಳಕಿನ ಒಂದು ತುಣುಕು ಓಡಾಡತೊಡಗಿತು. ತಲೆಯೆತ್ತಿ ನೋಡಿದರೆ ಬಟ್ಟೆ ಒಣಗಿಸುವ ಹಗ್ಗದಲ್ಲಿ ನೂಲು ಕಟ್ಟಿ ಇಳಿಬಿಟ್ಟ ಮೂರು ಡಿಸ್ಕುಗಳು ತಿರುಗುತ್ತಿದ್ದವು. ಹಾಡಿನದಿರಲಿ, ಮದುವೆಯದಿರಲಿ, ನಮ್ಮ ಕಡೆ ಡಿಸ್ಕುಗಳಿಗೆ ನಿವೃತ್ತಿಯ ನಂತರದ ಉದ್ಯೋಗ ಇದೇ, ಕಾಗೆ ಹೆದರಿಸುವುದು. ಮೂರರಲ್ಲಿ ಎರಡು ವರ್ಷಗಟ್ಟಲೆ ಸೇವೆ ಸಲ್ಲಿಸಿ ಮಾಸಿಹೋಗಿದ್ದವು. ಮೂರನೆಯದನ್ನು ಮಾತ್ರ ಹೊಸದಾಗಿ ಕಟ್ಟಿದ್ದರು. ಗಾಳಿಗೆ ಅದು ಬೆನ್ನು ತಿರುಗಿಸಿದಾಗ ಮಾರ್ಕರ್ ಪೆನ್ನಿನ ನನ್ನದೇ ಅಕ್ಷರ ಕಂಡಿತು: ಡಿಸ್ಕ್ ೩ (ಸರಿಯಾದದ್ದು).

ನಾನು ಎದ್ದು ನಿಂತುಬಿಟ್ಟೆ. ಯಾಕೆಂದು ಹೇಳಲು ಸುಮಾರು ಇಪ್ಪತ್ತು ವರ್ಷ ಹಿಂದಕ್ಕೆ ಹೋಗಬೇಕು. ಹಪ್ಪಳ ಒಣಗಲು ಹೇಗೂ ಸಂಜೆಯಾಗುತ್ತದೆ, ನೀವೂ ಇಲ್ಲೇ ಕೊಡೆಯ ಕೆಳಗೆ ಕೂತುಕೊಳ್ಳಿ.

ನನ್ನ ದೊಡ್ಡಪ್ಪ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರು. ಲೆಕ್ಕ ತಪ್ಪಿ ಅಳುವ ಮಕ್ಕಳಿಗೆ ‘ಅಳೋದಲ್ಲ, ಮತ್ತೆ ಮಾಡೋದು’ ಎನ್ನುವುದು ಅವರ ಖ್ಯಾತ ಮಾತು. ಅವರ ನಿವೃತ್ತಿಯ ದಿನ ಶಾಲೆಯಲ್ಲಿ ಬೀಳ್ಕೊಡುಗೆ ಸಮಾರಂಭ ನಡೆಯಿತು. ಶಾಲು, ಹಣ್ಣಿನ ಬುಟ್ಟಿ, ಗೋಡೆ ಗಡಿಯಾರ ಎಲ್ಲ ಬಂದವು. ಮನೆಗೆ ಬಂದವರೇ ದೊಡ್ಡಮ್ಮ ಘೋಷಿಸಿದರು: ‘ಭಾಷಣ ಮಾಡ್ತಾ ಮಾಡ್ತಾ ನೀವು ಅತ್ತಿದ್ರಿ.’

‘ನಾ ಅತ್ತಿದ್ನಿಲ್ಲೆ’ ಎಂದರು ದೊಡ್ಡಪ್ಪ.

‘ನಾ ಕಣ್ಣಾರೆ ನೋಡಿದ್ದೆ. ಮುಖ ಎಲ್ಲ ಒದ್ದೆ.’

ಈ ವ್ಯಾಜ್ಯ ಎಂಟು ವರ್ಷ ನಡೆಯಿತು. ದೊಡ್ಡಪ್ಪ ಈರುಳ್ಳಿ ಹೆಚ್ಚಲು ಕೂತರೆ ದೊಡ್ಡಮ್ಮ ‘ಕರವಸ್ತ್ರ ತರ್ಲಾ?’ ಎನ್ನುವರು. ಟೀವಿಯಲ್ಲಿ ಯಾರೋ ಮಂತ್ರಿ ರಾಜೀನಾಮೆ ಕೊಟ್ಟರೆ ‘ಕರವಸ್ತ್ರ ತರ್ಲಾ?’ ದೊಡ್ಡಪ್ಪನಿಗೆ ಶೀತವಾದರೂ ಅದೇ. ಊರಲ್ಲಿ ದೊಡ್ಡಮ್ಮನದು ಗಟ್ಟಿ ಜೀವ ಎಂಬ ಹೆಸರು. ತವರಿನಿಂದ ಹೊರಡುವಾಗ ತಾಯಿ ಅಳುತ್ತಿದ್ದರೆ ‘ಬಸ್ಸು ತಪ್ಪೋಗ್ತು, ಬೇಗ ಅಳು’ ಎಂದವರಂತೆ. ಅಂಥವರಿಂದ ಈ ಆರೋಪ ಬಂದದ್ದರಿಂದ ಯಾರೂ ಸಂಶಯಪಡಲಿಲ್ಲ. ದೊಡ್ಡಪ್ಪ ನಿಜವಾಗಿ ನೊಂದಿದ್ದರು. ‘ಮೂವತ್ತು ವರ್ಷ ಮಕ್ಕಳಿಗೆ “ಅಳಡಿ” ಹೇಳಿ ಹೇಳಿದವ ನಾನು, ಮೈಕಿನ ಎದುರು ನಿಂತು ಅಳ್ತ್ನಾ?’ ಎಂದು ನನ್ನನ್ನೊಮ್ಮೆ ಕೇಳಿದ್ದರು. ಸಮಾರಂಭಕ್ಕೆ ಹೋಗಿರದ ನಾನು ಸುಮ್ಮನಿದ್ದೆ. ನನ್ನ ಮೌನವನ್ನು ಅವರು ಸಮ್ಮತಿಯೆಂದುಕೊಂಡರು, ದೊಡ್ಡಮ್ಮನೂ ಹಾಗೆಯೇ ಅಂದುಕೊಂಡಿದ್ದರು.

ಸಾಕ್ಷಿ ಇತ್ತು. ಹಳೆಯ ವಿದ್ಯಾರ್ಥಿಯೊಬ್ಬ ಸಮಾರಂಭವನ್ನು ಸಣ್ಣ ಕ್ಯಾಮೆರಾದಲ್ಲಿ ಚಿತ್ರೀಕರಿಸಿ ಆ ಕ್ಯಾಸೆಟ್ಟನ್ನು ಕೊಟ್ಟಿದ್ದ. ಅದನ್ನು ಹಾಕಿ ನೋಡುವ ಯಂತ್ರ ಮಾತ್ರ ಯಾರ ಮನೆಯಲ್ಲೂ ಇರಲಿಲ್ಲ. ನಾನು ಎಂಎಸ್ಸಿ ಮುಗಿಸಿ ಲ್ಯಾಪ್‌ಟಾಪ್ ಸಮೇತ ಬೇಸಿಗೆ ಕಳೆಯಲು ಹಳದೀಪುರಕ್ಕೆ ಬಂದಾಗ, ದೊಡ್ಡಪ್ಪ ಭಟ್ಕಳದಿಂದ ಡಿವಿಡಿ ಪ್ಲೇಯರ್ ಕೊಂಡು ತಂದು ನನಗಾಗಿಯೇ ಕಾದಿದ್ದರು. ಹೊನ್ನಾವರದ ಸ್ಟುಡಿಯೋ ಒಂದರಲ್ಲಿ ಕ್ಯಾಸೆಟ್ಟಿನಲ್ಲಿದ್ದುದನ್ನು ಪೆನ್‌ಡ್ರೈವಿಗೆ ಹಾಕಿಸಿಕೊಂಡು ಬಂದೆ. ಇನ್ನು ಡಿಸ್ಕಿಗೆ ಬರೆಯುವುದಷ್ಟೇ ಕೆಲಸ.

ಲ್ಯಾಪ್‌ಟಾಪಿನಲ್ಲೇ ತೋರಿಸಿಬಿಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ನಾನೂ ಕೇಳಿದೆ. ‘ಸಣ್ಣ ಪರದೇಲಿ ಕಣ್ಣೀರು ಕಾಣ್ತಿಲ್ಲೆ ಹೇಳಿ ನಿನ್ನ ದೊಡ್ಡಮ್ಮ ತಕರಾರು ತೆಗೆಗು. ದೊಡ್ಡ ಟೀವಿಲೇ ಆಗವು, ನಾಲ್ಕು ಜನರ ಎದುರಿಗೇ ಆಗವು’ ಎಂದು ಪಟ್ಟು ಹಿಡಿದರು ದೊಡ್ಡಪ್ಪ. ನಾಲ್ಕು ಜನ ಎಂದರೆ ಇಬ್ಬರು: ಅವರಿಗಿಂತ ಮೊದಲೇ ನಿವೃತ್ತರಾಗಿ, ಆ ಸಮಾರಂಭಕ್ಕೆ ಬರಲಾಗದಿದ್ದ ಹಿಂದಿ ಮಾಸ್ತರು ಮತ್ತು ಡ್ರಾಯಿಂಗ್ ಮಾಸ್ತರು. ಇಬ್ಬರನ್ನೂ ತೀರ್ಪುಗಾರರಾಗಿ ಭಾನುವಾರ ಹತ್ತು ಗಂಟೆಗೆ ಕರೆದಾಗಿತ್ತು. ನಾನು ಮೊದಲೇ ನೋಡಿ ಫಲಿತಾಂಶ ಹೇಳಬಾರದೆಂಬ ಷರತ್ತೂ ಇತ್ತು. ಅದರ ಅಗತ್ಯವಿರಲಿಲ್ಲ. ಇನ್ನೊಬ್ಬರ ಅಳುವನ್ನು ಅವರಿಗಿಂತ ಮೊದಲು ನೋಡುವುದು ಬೇರೆಯವರ ಕಾಗದ ಓದಿದಂತೆ. ಶಾಲೆಯ ಜವಾನ ಮೈಕಿನಲ್ಲಿ ‘ಹಲೋ, ಹಲೋ’ ಎನ್ನುವ ಮೊದಲ ಒಂದು ನಿಮಿಷ ನೋಡಿ ನಿಲ್ಲಿಸಿಬಿಟ್ಟಿದ್ದೆ.

ಮೊದಲ ಭಾನುವಾರ ಡಿಸ್ಕ್ ಒಳಗೆ ಹೋಯಿತು. ಪ್ಲೇಯರ್ ಸ್ವಲ್ಪ ಹೊತ್ತು ಗುರುಗುಟ್ಟಿ ಟೀವಿಯ ನೀಲಿ ಪರದೆಯ ಮೇಲೆ ‘ನೋ ಡಿಸ್ಕ್’ ಎಂದಿತು. ಕಣ್ಣೆದುರೇ ನುಂಗಿದ ಡಿಸ್ಕನ್ನು ಇಲ್ಲವೆನ್ನುವ ಆ ಧೈರ್ಯಕ್ಕೆ ನಾನು ಬೆರಗಾದೆ. ಅದೇ ಡಿಸ್ಕ್ ಲ್ಯಾಪ್‌ಟಾಪಿನಲ್ಲಿ ಸೊಗಸಾಗಿ ಓಡುತ್ತಿತ್ತು. ತೀರ್ಪುಗಾರರು ಅವಲಕ್ಕಿ ತಿಂದು, ಕಷಾಯ ಕುಡಿದು ಎದ್ದರು. ‘ಪಿಚ್ಚರ್ ಬರದಿದ್ರೂ ಇಂಟರ್ವಲ್ ಚಲೋ ಆತು’ ಎಂದರು ಹಿಂದಿ ಮಾಸ್ತರು.

ನಾನು ನೋಟ್‌ಬುಕ್ ತೆರೆದೆ. ಪ್ರಯೋಗಶಾಲೆಯ ಅಭ್ಯಾಸ ಅಷ್ಟು ಬೇಗ ಬಿಡುವುದಿಲ್ಲ. ತಪ್ಪು ನನ್ನದೇ ಎಂದು ಎರಡು ದಿನದಲ್ಲಿ ತಿಳಿಯಿತು. ಪೆನ್‌ಡ್ರೈವಿನಲ್ಲಿದ್ದ ಕಡತವನ್ನು ಇದ್ದ ಹಾಗೆಯೇ ಡಿಸ್ಕಿಗೆ ನಕಲು ಮಾಡಿದ್ದೆ. ಕಂಪ್ಯೂಟರ್ ಅಕ್ಕಿ ಕೊಟ್ಟರೆ ತಾನೇ ಬೇಯಿಸಿಕೊಂಡು ಉಣ್ಣುತ್ತದೆ. ಈ ಪ್ಲೇಯರಿಗೆ ಅನ್ನ ಮಾಡಿಯೇ ಬಡಿಸಬೇಕು, ಅಂದರೆ ಅದು ಓದಬಲ್ಲ ಡಿವಿಡಿಯ ರೂಪಕ್ಕೆ ತಂದೇ ಬರೆಯಬೇಕು. ಹಾಗೆಯೇ ಎರಡನೆಯದನ್ನು ಬರೆಯತೊಡಗಿದೆ. ಕೊನೆಗೆ ‘ಡಿಸ್ಕ್ ಮುಚ್ಚಬೇಕೇ?’ ಎಂದು ಲ್ಯಾಪ್‌ಟಾಪ್ ಕೇಳಿತು. ಪಕ್ಕದಲ್ಲೇ ಹಲಸಿನ ತೊಳೆ ಬಿಡಿಸುತ್ತಿದ್ದ ದೊಡ್ಡಮ್ಮನಿಗೆ ಅದನ್ನು ಕನ್ನಡದಲ್ಲಿ ಓದಿ ಹೇಳಿದ್ದು ನನ್ನ ಎರಡನೆಯ ತಪ್ಪು.

‘ಎಷ್ಟು ತುಂಬಿದ್ದು?’ ಎಂದರು.

‘ಅರ್ಧ.’

‘ಹಾಂಗಾರೆ ಮುಚ್ಚಡ. ಅರ್ಧ ಡಬ್ಬಿಗೆ ಯಾರಾದ್ರೂ ಮೊಹರು ಹಾಕ್ತ್ರಾ? ಮುಂದೆ ನಾಮಕರಣದ್ದೋ, ಸತ್ಯನಾರಾಯಣ ಪೂಜೆದೋ ಹಾಕಲಾಗ್ತು.’

ನನಗೂ ಅದು ಸರಿಯೆನಿಸಿತು. ಉಪ್ಪಿನಕಾಯಿ ಭರಣಿಯ ಬಾಯಿ ಕಟ್ಟುವುದಕ್ಕೂ ಒಂದು ಕ್ರಮವಿರುವ ಮನೆಯಲ್ಲಿ ಬೆಳೆದವಳು ನಾನು. ಮುಚ್ಚಲಿಲ್ಲ. ಎರಡನೆಯ ಭಾನುವಾರವೂ ‘ನೋ ಡಿಸ್ಕ್’. ಮುಚ್ಚದ ಡಿಸ್ಕ್ ಪರಿವಿಡಿಯಿಲ್ಲದ ಪುಸ್ತಕವಂತೆ. ಬರೆದ ಯಂತ್ರಕ್ಕೆ ಮಾತ್ರ ಒಳಗೇನಿದೆ ಎಂದು ಗೊತ್ತಿರುತ್ತದೆ, ಬೇರೆ ಯಂತ್ರದ ಪಾಲಿಗೆ ಅದು ಖಾಲಿ. ಡ್ರಾಯಿಂಗ್ ಮಾಸ್ತರು ಆ ನೀಲಿ ಪರದೆಯನ್ನು ತುಂಬ ಹೊತ್ತು ನೋಡಿ, ‘ಬಣ್ಣ ಒಳ್ಳೇದಿದೆ’ ಎಂದರು. ಅವಲಕ್ಕಿಯ ಬದಲು ಅಂದು ದೋಸೆಯಿತ್ತು.

ಮೂರನೆಯದಕ್ಕೆ ನಾನು ಯಾವ ಸಲಹೆಯನ್ನೂ ಕೇಳಲಿಲ್ಲ. ಒಳ್ಳೆಯ ಖಾಲಿ ಡಿಸ್ಕ್ ತಂದು, ತೀರ ನಿಧಾನದ ವೇಗದಲ್ಲಿ ಬರೆದು, ಮುಚ್ಚಿ, ಪಕ್ಕದ ಮನೆಯ ಪ್ಲೇಯರಿನಲ್ಲಿ ಹಾಕಿ ನೋಡಿದೆ. ಜವಾನ ಟೀವಿಯಲ್ಲಿ ‘ಹಲೋ, ಹಲೋ’ ಎಂದ. ನಿಲ್ಲಿಸಿ, ಮನೆಗೆ ತಂದು, ಅದರ ಬೆನ್ನ ಮೇಲೆ ‘ಸರಿಯಾದದ್ದು’ ಎಂದು ಬರೆದೆ. ಆ ಆವರಣ ಚಿಹ್ನೆಗಳಲ್ಲಿದ್ದ ಅಹಂಕಾರ ಈಗಲೂ ಕಾಣುತ್ತದೆ.

ಆ ಭಾನುವಾರ ಡಿಸ್ಕನ್ನು ಪ್ಲೇಯರಿಗೆ ಹಾಕಿದ್ದು ದೊಡ್ಡಮ್ಮ. ‘ನಿಂಗಳ ಕೈಗುಣ ನೋಡಾತು’ ಎಂದು, ಬೆಳಿಗ್ಗೆಯೇ ತಾವೇ ಹಾಕಿ ಇಟ್ಟಿದ್ದರು. ಮಾಸ್ತರುಗಳು ಬಂದರು, ಗುಂಡಿ ಒತ್ತಿದೆವು. ‘ನೋ ಡಿಸ್ಕ್’.

ನಾನು ಸಿಟ್ಟಾಗುವುದು ಅಪರೂಪ, ಸಿಟ್ಟಾದರೂ ಯಾರಿಗೂ ಗೊತ್ತಾಗುವುದಿಲ್ಲ. ತಂತಿಗಳನ್ನು ಕಿತ್ತು, ಪ್ಲೇಯರನ್ನು ಡಿಸ್ಕಿನ ಸಮೇತ ಟವೆಲಿನಲ್ಲಿ ಸುತ್ತಿದೆ. ‘ಭಟ್ಕಳದಿಂದ ಬಂದದ್ದು ಭಟ್ಕಳದಲ್ಲೇ ಗುಣ ಆಗವು’ ಎಂದು ದೊಡ್ಡಪ್ಪ ಹರಸಿದರು. ಮರುದಿನ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಕಂಡಕ್ಟರು ಟವೆಲನ್ನು ಎರಡು ಸಲ ನೋಡಿ, ‘ಅದ್ರೊಳಗೆ ಎಂತ, ಬೆಕ್ಕಾ?’ ಎಂದರು. ಅಲ್ಲವೆಂದೆ. ಅವರಿಗೆ ನಂಬಿಕೆ ಬರಲಿಲ್ಲ. ಶರಾವತಿ ಸೇತುವೆ ದಾಟುವವರೆಗೂ ಅದು ಕೂಗುವುದನ್ನೇ ಕಾಯುತ್ತಿದ್ದರು.

ಭಟ್ಕಳದ ಪೇಟೆಯ ರಿಪೇರಿ ಅಂಗಡಿಯಲ್ಲಿ ಬಿಳಿ ಟೊಪ್ಪಿಯ, ಕನ್ನಡಕದ ಭಾಯಿಯೊಬ್ಬರಿದ್ದರು. ನಾನು ನೋಟ್‌ಬುಕ್ ತೆಗೆದು ಮೂರೂ ಡಿಸ್ಕುಗಳ ಇತಿಹಾಸವನ್ನು ಓದಿ ಹೇಳಿದೆ. ಪೂರ್ತಿ ಕೇಳಿ, ಪ್ಲೇಯರಿನ ಮುಚ್ಚಳ ತೆಗೆದು, ಒಳಗಿದ್ದ ಡಿಸ್ಕನ್ನು ಎತ್ತಿ ಬೆಳಕಿಗೆ ಹಿಡಿದರು. ಹೊಳೆಯುವ ಬದಿಯಲ್ಲಿ, ನಡುವಿನ ತೂತಿನ ಪಕ್ಕದಿಂದ ಅಂಚಿನವರೆಗೆ ಒಂದು ಅರಿಶಿನದ ಗೆರೆ, ಅದರ ಮೇಲೆ ದೊಡ್ಡದೊಂದು ಕುಂಕುಮದ ಬೊಟ್ಟು. ಸಣ್ಣ ಹತ್ತಿಯಿಂದ ಲೆನ್ಸ್ ಒರೆಸಿದರು, ಹತ್ತಿ ಕೆಂಪಾಯಿತು.

‘ಮನೇಲಿ ಪೂಜೆ ಆಗಿದೆಯಾ ಮೇಡಮ್?’ ಎಂದರು. ಅವರು ನಗಲಿಲ್ಲ. ಆ ಉಪಕಾರವನ್ನು ನಾನು ಮರೆತಿಲ್ಲ.

‘ನಮ್ಮ ಅಮ್ಮೀನೂ ಹಾಗೇ. ಹೊಸ ಸಾಮಾನು ತಂದ್ರೆ ಏನಾದ್ರೂ ಓದಿ ಊದ್ತಾರೆ. ಊದೋದು ಅಚ್ಛಾ, ಲೆನ್ಸಿನ ಧೂಳ್ ಹೋಗ್ತದೆ. ಹಚ್ಚೋದು ಮಾತ್ರ ಕಷ್ಟ.’

ಡಿಸ್ಕನ್ನು ಸುತ್ತ ತಿರುಗಿಸಿ ಒರೆಸಬಾರದು, ನಡುವಿನಿಂದ ಅಂಚಿಗೆ ನೇರ ಒರೆಸಬೇಕು ಎಂದು ತೋರಿಸಿಕೊಟ್ಟರು. ಅಂಗಡಿಯ ಟೀವಿಯಲ್ಲಿ ನಮ್ಮ ಜವಾನ ‘ಹಲೋ’ ಎಂದ. ‘ವಲೇಕುಮ್ ಸಲಾಮ್’ ಎಂದು ಭಾಯಿ ಅವನಿಗೆ ಉತ್ತರ ಕೊಟ್ಟರು.

ದೊಡ್ಡಮ್ಮನಿಗೆ ಪಶ್ಚಾತ್ತಾಪವೇನೂ ಆಗಲಿಲ್ಲ. ‘ಎರಡು ಸಲ ಪೂಜೆ ಇಲ್ದೇ ಹಾಕಿದ್ರಿ, ಬಂತಾ? ರುಬ್ಬುವ ಯಂತ್ರಕ್ಕೂ ಹಚ್ಚಿಯೇ ಶುರು ಮಾಡಿದ್ದು, ಹನ್ನೆರಡು ವರ್ಷ ಓಡಿದ್ದಿಲ್ಲೆಯಾ?’

‘ಅಕ್ಷರ ಬರೆದ ಬದಿಗೆ ಹಚ್ಚಬಹುದಿತ್ತು, ದೊಡ್ಡಮ್ಮ.’

‘ಅಕ್ಷರದ ಮೇಲೆ ಹಚ್ಚಿ ಅಳಸೂದಾ? ಹೊಳೆಯೂ ಬದಿಯೇ ಮುಖ. ಕನ್ನಡಿಗೆ ಬೆನ್ನಿಗೆ ಕುಂಕುಮ ಹಚ್ಚೂದು ಎಲ್ಲಾದ್ರೂ ಇದ್ದಾ?’

ನಾನು ನೋಟ್‌ಬುಕ್ ತೆರೆದು, ಡಿಸ್ಕ್ ೩ರ ಎದುರು ‘ಕುಂಕುಮ’ ಎಂದು ಬರೆದುಕೊಂಡೆ.

ಶನಿವಾರ ದೊಡ್ಡಮ್ಮ ಪಕ್ಕದ ಮನೆಗೆ ಹಪ್ಪಳ ಒತ್ತಲು ಹೋದಾಗ ದೊಡ್ಡಪ್ಪನಿಗೆ ತಡೆಯಲಾಗಲಿಲ್ಲ. ‘ಒಂದು ಸಲ ಹಾಕು ಕೂಸೆ. ನಾಳೆ ಮಾನ ಹೋಪಲಾಗ’ ಎಂದರು. ಹಾಕಿದೆ. ಜವಾನ ಬಂದ, ಹಾರ ಬಂತು, ದೊಡ್ಡಪ್ಪ ಮೈಕಿನ ಎದುರು ನಿಂತರು. ಹದಿನೈದು ನಿಮಿಷ ಮಾತಾಡಿದರು. ನಾನು ವೈಜ್ಞಾನಿಕವಾಗಿಯೇ ಗಮನಿಸಿದೆ: ಒಂದು ಹನಿಯೂ ಇಲ್ಲ, ಸ್ವರ ನಡುಗಲೂ ಇಲ್ಲ. ದೊಡ್ಡಪ್ಪ ತೊಡೆ ತಟ್ಟಿ, ‘ಕಂಡ್ಯಾ? ಎಂಟು ವರ್ಷ!’ ಎಂದರು.

ಅಷ್ಟರಲ್ಲಿ ಕ್ಯಾಮೆರಾ ಮೆಲ್ಲಗೆ ಸಭೆಯ ಕಡೆ ತಿರುಗಿತು. ಹೆಂಗಸರ ಮೊದಲ ಸಾಲಿನಲ್ಲಿ ಹಸಿರು ಸೀರೆಯ ಒಬ್ಬರು ಸೆರಗನ್ನು ಬಾಯಿಗೆ ಒತ್ತಿಕೊಂಡು, ಭುಜ ಕುಣಿಯುವಂತೆ ಬಿಕ್ಕಿ ಬಿಕ್ಕಿ ಅಳುತ್ತಿದ್ದರು. ನಡುನಡುವೆ ಸೆರಗು ಸರಿಸಿ ವೇದಿಕೆಯತ್ತ ನೋಡುವರು, ಮತ್ತೆ ಮುಖ ಮುಚ್ಚಿಕೊಳ್ಳುವರು. ಆ ಕಣ್ಣುಗಳಿಂದ ನೋಡಿದವರಿಗೆ ವೇದಿಕೆ, ಗಡಿಯಾರ, ಗಂಡನ ಮುಖ ಎಲ್ಲವೂ ಒದ್ದೆಯಾಗಿಯೇ ಕಂಡಿರಬೇಕು. ಎಂಟು ವರ್ಷ ದೊಡ್ಡಮ್ಮ ಸುಳ್ಳು ಹೇಳಿರಲಿಲ್ಲ.

ದೊಡ್ಡಪ್ಪ ತಟ್ಟಿದ ಕೈಯನ್ನು ತೊಡೆಯ ಮೇಲೇ ಬಿಟ್ಟಿದ್ದರು. ‘ಇದು ಇಷ್ಟೆಲ್ಲ ಅತ್ತಿತ್ತಾ?’ ಎಂದರು. ನನ್ನನ್ನು ಕೇಳಿದ್ದಲ್ಲ. ಸ್ವಲ್ಪ ಹಿಂದಕ್ಕೆ ಓಡಿಸಿ ಆ ಭಾಗವನ್ನು ಇನ್ನೊಮ್ಮೆ ನೋಡಿದರು. ತಮ್ಮ ಭಾಷಣವನ್ನು ನೋಡಲಿಲ್ಲ.

ಭಾನುವಾರ ಮಾಸ್ತರುಗಳು ನಾಲ್ಕನೆಯ ಸಲ ಬಂದರು. ‘ಇವತ್ತು ನಾನೇ ಹಾಕ್ತೆ’ ಎಂದು ದೊಡ್ಡಪ್ಪ ಡಿಸ್ಕನ್ನು ಕೈಗೆತ್ತಿಕೊಂಡರು. ನಾನು ಅಡುಗೆಮನೆಯ ಬಾಗಿಲಲ್ಲಿ ತಟ್ಟೆ ಹಿಡಿದು ನಿಂತಿದ್ದೆ. ಡಿಸ್ಕ್ ಒಳಗೆ ಜಾರುವಾಗ ಮೇಲೆ ಕಾಣಬೇಕಾದ ನನ್ನ ಅಕ್ಷರ ಕಾಣಲಿಲ್ಲ, ಹೊಳೆಯುವ ಬದಿ ಕಂಡಿತು. ತಿರುಗಾಮುರುಗಾ ಹಾಕಿದ್ದರು. ನಾನು ಬಾಯಿ ತೆರೆದೆ. ದೊಡ್ಡಪ್ಪ ನನ್ನತ್ತ ನೋಡಿದರು. ಮುಚ್ಚಿದೆ.

ಪ್ಲೇಯರ್ ಗುರುಗುಟ್ಟಿ, ಆ ಒಂದು ಸಲ ಮಾತ್ರ ಪ್ರಾಮಾಣಿಕವಾಗಿ, ‘ನೋ ಡಿಸ್ಕ್’ ಎಂದಿತು.

‘ಲ್ಯಾಪ್‌ಟಾಪಿನಲ್ಲೇ ನೋಡುವನಾ ಮಾರಾಯ್ರೆ?’ ಎಂದರು ಡ್ರಾಯಿಂಗ್ ಮಾಸ್ತರು.

‘ಅದು ಸಾಕ್ಷಿಗೆ ಆಗ್ತಿಲ್ಲೆ’ ಎಂದರು ದೊಡ್ಡಪ್ಪ.

‘ಹೋಗ್ಲಿ, ನೀವೇ ಹೇಳಿ. ಅತ್ತಿದ್ರಾ, ಇಲ್ಲವಾ?’ ಹಿಂದಿ ಮಾಸ್ತರು ದೋಸೆ ಮುರಿಯುತ್ತ ಕೇಳಿದರು.

ದೊಡ್ಡಪ್ಪ ಅಡುಗೆಮನೆಯ ಕಡೆ ಕತ್ತು ತಿರುಗಿಸಿದರು. ‘ಅತ್ತಿದ್ದೆ ಮಾರಾಯ. ಸ್ವಲ್ಪ.’

‘ಸ್ವಲ್ಪ ಅಲ್ಲ!’ ಎಂದು ದೊಡ್ಡಮ್ಮ ಒಳಗಿನಿಂದಲೇ ಕೂಗಿದರು. ಅಂದು ಎಲ್ಲರಿಗೂ ದೋಸೆಯ ಮೇಲೆ ಬೆಣ್ಣೆ ಬಿತ್ತು. ದೊಡ್ಡಪ್ಪನ ತಟ್ಟೆಯ ಪಕ್ಕದಲ್ಲಿ ಮಡಚಿದ ಕರವಸ್ತ್ರವೂ ಒಂದು ಇತ್ತು.

ಆಮೇಲೆ ನನ್ನ ಲ್ಯಾಪ್‌ಟಾಪ್ ಕೆಟ್ಟಿತು, ಪೆನ್‌ಡ್ರೈವ್ ಕಳೆಯಿತು, ಕ್ಯಾಸೆಟ್ಟಿಗೆ ಬೂಸು ಹಿಡಿಯಿತು, ಮೊದಲೆರಡು ಡಿಸ್ಕುಗಳು ಕಾಗೆ ಹೆದರಿಸಲು ಹಗ್ಗ ಸೇರಿದವು. ಡಿಸ್ಕನ್ನು ದೊಡ್ಡಪ್ಪ ಕಪಾಟಿನಲ್ಲಿ ಶಾಲಿನ ಕೆಳಗೆ ಇಟ್ಟದ್ದನ್ನು ನೋಡಿದ್ದೆ. ಈ ವರ್ಷ ಕಪಾಟು ಒರೆಸುವಾಗ ಅದು ದೊಡ್ಡಮ್ಮನ ಕೈಗೆ ಸಿಕ್ಕಿರಬೇಕು. ಹೀಗೆ ಬರೆದ ಡಿಸ್ಕಿಗೆ ಬಿಸಿಲಿಗಿಂತ ದೊಡ್ಡ ಶತ್ರುವಿಲ್ಲ. ಕೆಲವು ವಾರ ತೂಗಿದರೆ ಒಳಗಿನದೆಲ್ಲ ಅಳಿಸಿಹೋಗುತ್ತದೆ. ನಾನು ಹಗ್ಗದಿಂದ ಅದನ್ನು ಬಿಚ್ಚಿಕೊಳ್ಳುತ್ತಿದ್ದಾಗ ದೊಡ್ಡಮ್ಮ ಇನ್ನೊಂದು ಮೊರ ಹಪ್ಪಳ ಹೊತ್ತು ಮೇಲೆ ಬಂದರು.

‘ಅದೆಂತಕ್ಕೆ ತೆಗೆದೆ? ನಿನ್ನೆ ಕಟ್ಟಿದ್ದಷ್ಟೇ. ಹಾಳಾದ ಡಿಸ್ಕ್ ಅದು, ಒಂದು ದಿನವೂ ಬೈಂದಿಲ್ಲೆ.’

ನಾನು ಸುಳ್ಳು ಹೇಳುವವಳಲ್ಲ. ಸುಮ್ಮನಿರುವವಳು. ಅಂದು ಸುಮ್ಮನಿದ್ದರೆ ಸಾಲದೆನಿಸಿತು.

‘ಹೌದು ದೊಡ್ಡಮ್ಮ, ಬತ್ತಿಲ್ಲೆ’ ಎಂದೆ. ‘ಇದು ಸರಿ ಹೊಳೀತಿಲ್ಲೆ. ಬೇರೆ ಕೊಡ್ತೆ.’

ಕೆಳಗೆ ಹೋಗಿ ನನ್ನ ಹಳೆಯ ಪೆಟ್ಟಿಗೆಯಿಂದ ಬೇರೊಂದು ಡಿಸ್ಕ್ ತಂದು, ಅದೇ ನೂಲಿಗೆ ಕಟ್ಟಿದೆ. ಅದರಲ್ಲಿ ನನ್ನ ಎಂಎಸ್ಸಿಯ ಸಂಶೋಧನಾ ವರದಿಯಿತ್ತು, ನೂರಾ ನಾಲ್ಕು ಪುಟ, ಏಳು ಕೋಷ್ಟಕ. ಒಂದು ಕಾಗೆ ಬಂದು ಹಗ್ಗದ ಮೇಲೆ ಕೂತು, ಕತ್ತು ಓರೆ ಮಾಡಿ ಅದನ್ನು ಎರಡೂ ಬದಿಯಿಂದ ಪರಿಶೀಲಿಸಿತು. ಆಮೇಲೆ ನಿಧಾನವಾಗಿ ಇಳಿದು, ಒಂದು ಹಪ್ಪಳ ಎತ್ತಿಕೊಂಡು ಹೋಯಿತು.