ಗಂಟೆ ಮೊದಲು, ರಾಕ್ಷಸ ಆಮೇಲೆ

ಮೊನ್ನೆ ನಂಜನಗೂಡಿನ ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಯೊಂದರ ಮುಂದೆ ಸ್ಕೂಲ್ ಬ್ಯಾಗೊಂದು ನೇತಾಡುತ್ತಿತ್ತು. ಅದರ ಮೇಲೆ ನೇರಳೆ ಕೂದಲಿನ, ಅರ್ಧ ಮುಖವೆಲ್ಲ ಕಣ್ಣೇ ಆಗಿರುವ, ಕೈಯಲ್ಲಿ ನಕ್ಷತ್ರದ ಕೋಲು ಹಿಡಿದ ಜಪಾನೀ ಕಾರ್ಟೂನ್ ಹುಡುಗಿಯ ಚಿತ್ರ. ನಾನು ಅದನ್ನೇ ನೋಡುತ್ತ ನಿಂತುಬಿಟ್ಟೆ. ಅಂಗಡಿಯವನು, 'ಮೊಮ್ಮಗಳಿಗಾ ಸಾ?' ಎಂದ. ತಲೆಗೆ ಬಣ್ಣ ಹಚ್ಚುವುದನ್ನು ಬಿಟ್ಟ ಮೇಲೆ ಇಂಥ ಪ್ರಶ್ನೆಗಳಿಗೆಲ್ಲ ನಾನು ಒಗ್ಗಿಹೋಗಿದ್ದೇನೆ. ಆದರೆ ಅಂದು ನಿಂತದ್ದು ಬ್ಯಾಗಿಗಾಗಿ ಅಲ್ಲ. ನಾಲ್ಕು ವರ್ಷದ ಹಿಂದಿನ ಒಂದು ಭಾನುವಾರ ನೆನಪಾಗಿತ್ತು.

ಆಗ ನನ್ನ ಹೆಂಡತಿ ಶೈಲಾಳಿಗೆ ಬೆನ್ನುಮೂಳೆಯ ಆಪರೇಷನ್ ಆಗಿತ್ತು. ಮೂರು ತಿಂಗಳು ಮಂಚ ಬಿಟ್ಟು ಏಳಬಾರದು ಎಂದು ಡಾಕ್ಟರು ಹೇಳಿದ್ದರು. ನಾನೋ ಕೈಗಾರಿಕಾ ಪ್ರದೇಶದ ಒಂದು ಫ್ಯಾಕ್ಟರಿಯಲ್ಲಿ ಮೊದಲ ಶಿಫ್ಟಿನವನು, ಐದೂವರೆಗೇ ಮನೆ ಬಿಡುವವನು. ಮಗಳು ಬೃಂದಾಳಿಗೆ ಹದಿಮೂರು, ಮಗ ಪುಟ್ಟುವಿಗೆ ಏಳು. ಯಾರೂ ಹೇಳದೆಯೇ ಬೃಂದಾ ಮನೆಯನ್ನು ಕೈಗೆ ತೆಗೆದುಕೊಂಡಳು. ತಿಂಡಿ, ತಮ್ಮನ ಯೂನಿಫಾರಂ, ಅಮ್ಮನ ಮಾತ್ರೆ, ಎಲ್ಲವೂ ಹೊತ್ತಿಗೆ ಸರಿಯಾಗಿ ನಡೆಯುತ್ತಿತ್ತು. 'ಎಣ್ಮಗ ಅಂದ್ರೆ ಇಂಗಿರ್ಬೇಕು ಕಣಪ್ಪ' ಎಂದು ಪಕ್ಕದ ಮನೆಯಜ್ಜಿ ಹೊಗಳಿದಾಗ ನಾನು ಉಬ್ಬಿಹೋದೆ. ಕ್ಯಾಂಟೀನಿನಲ್ಲಿ ಡಬ್ಬಿ ಬಿಚ್ಚುತ್ತ, 'ನಮ್ಮನೇಲಿ ಒಂದು ಮ್ಯಾಜಿಕ್ ಅದೆ ಕಣ್ರಪ್ಪ' ಎಂದು ಜಂಬ ಕೊಚ್ಚಿಕೊಂಡದ್ದೂ ಉಂಟು.

ಅವಳಿಗಿದ್ದ ಒಂದೇ ಖಯಾಲಿ ಫೋನಿನಲ್ಲಿ ಬರುವ ಆ ಕಾರ್ಟೂನು. ಆ ಭಾನುವಾರ ಮಧ್ಯಾಹ್ನ ಅವಳು ಸೊಪ್ಪು ಬಿಡಿಸುತ್ತ ಅದನ್ನು ನೋಡುತ್ತಿದ್ದಳು. ನಾನು ಪಕ್ಕದಲ್ಲಿ ಕೂತು, 'ಈ ಕಣ್ಣಿಗೆ ಒಂದ್ಸಲ ರೆಪ್ಪೆ ಹೊಡೆಯೋಕೆ ಕಾಲು ಗಂಟೆ ಬೇಕಲ್ಲವ್ವ' ಎಂದು ಗೇಲಿ ಮಾಡಿದೆ. ಅವಳು ನಗಲಿಲ್ಲ. ಕತೆ ಹೇಳಿದಳು. ಅವಳದೇ ವಯಸ್ಸಿನ ಒಬ್ಬ ಹುಡುಗಿ. ಅವಳ ಕಿವಿಯಲ್ಲಿ ಮಾತ್ರ ಒಂದು ಗಂಟೆ ಕೇಳಿಸುತ್ತದೆ. ಗರಗರ ತಿರುಗಿದರೆ ಮೈಮೇಲೆ ಝಗಮಗ ಲಂಗ, ಬೆನ್ನಿಗೆ ರೆಕ್ಕೆ. ಹಾರಿಹೋಗಿ ರಾಕ್ಷಸನನ್ನು ಸೋಲಿಸುತ್ತಾಳೆ. ಊರು ನೆಮ್ಮದಿಯಾಗಿರುತ್ತದೆ. ಕಾಪಾಡಿದ್ದು ಯಾರೆಂದು ಯಾರಿಗೂ ಗೊತ್ತಿಲ್ಲ.

'ಚೆನ್ನಾಗದಲ್ಲ!' ಎಂದೆ.

'ಚೆನ್ನಾಗೇನಿಲ್ಲ ಕಣಪ್ಪ. ಇಲ್ನೋಡು' ಎಂದು ಬೃಂದಾ ಚಿತ್ರವನ್ನು ನಿಲ್ಲಿಸಿದಳು. ಹುಡುಗಿ ಅಡುಗೆಮನೆಯಲ್ಲಿ ನಿಂತಿದ್ದಾಳೆ. ಹಿಂದೆ ಬಾಗಿಲ ಚೌಕಟ್ಟಿನ ಮೇಲೆ ಮಕ್ಕಳ ಎತ್ತರ ಅಳೆದ ಪೆನ್ಸಿಲ್ ಗೆರೆಗಳು. 'ಮೇಲಿಂದು ಅವಳ ಗೆರೆ, ಕೆಳಗಿಂದು ತಮ್ಮಂದು. ಇದು ಮೊದಲನೇ ಕಂತು.' ಆಮೇಲೆ ಮೂವತ್ತನೇ ಕಂತು ತೆಗೆದಳು. ಅದೇ ಬಾಗಿಲು. ತಮ್ಮನ ಗೆರೆ ಅಕ್ಕನ ಗೆರೆಯನ್ನು ದಾಟಿಹೋಗಿತ್ತು. ಅಕ್ಕನದು ಇದ್ದಲ್ಲೇ ಇತ್ತು.

'ಎಲ್ಲಾರೂ ಬೆಳೀತಾವ್ರೆ, ಅವಳೊಬ್ಳೇ ಬೆಳೀತಿಲ್ಲ. ಹೊಸ ವರ್ಷ ಎರಡು ಸಲ ಬಂತು, ಅವಳ ಬರ್ತ್‌ಡೇ ಒಂದ್ಸಲಾನೂ ಬರ್ಲಿಲ್ಲ. ಗೆದ್ದಾಗೆಲ್ಲ ಅವಳ ಪಾಲಿನ ಒಂದು ದಿನ ಊರಿಗೆ ಹೋಗ್ಬಿಡುತ್ತೆ. ಊರೋರು ಬದುಕ್ತಿರೋದು ಅವಳ ದಿನಾನ.'

'ಹಂಗಂತ ಕತೇಲಿ ಹೇಳವ್ರಾ?'

'ಇಲ್ಲ. ನೋಡಿದ್ರೆ ಕಾಣುತ್ತೆ ಅಷ್ಟೆ.'

ಸದ್ದು ಕೇಳಿಯೇ ಮೆಷಿನ್ನಿನ ರೋಗ ಹೇಳುತ್ತೇನೆಂದು ಹೆಸರು ಮಾಡಿದವನು ನಾನು. ನನ್ನ ಮಗಳು ಬಣ್ಣಬಣ್ಣದ ಆಟಿಕೆಯಂಥ ಕತೆಯೊಂದರ ಒಳಗೆ ಕಿವಿಯಿಟ್ಟು ಅದರ ಹಲ್ಲುಚಕ್ರ ತಿರುಗುವುದನ್ನು ಕೇಳಿಸಿಕೊಂಡಿದ್ದಳು.

'ಇನ್ನೊಂದದೆ' ಎಂದಳು. 'ರಾಕ್ಷಸ ಬಂದ ಅಂತ ಗಂಟೆ ಹೊಡೆಯುತ್ತೆ ಅಂದ್ಕೊಂಡಿದ್ದೆ. ಅಲ್ಲ. ಎಲ್ಲಾ ಕಂತಲ್ಲೂ ಗಂಟೆ ಮೊದಲು, ರಾಕ್ಷಸ ಆಮೇಲೆ.'

'ಅಂದ್ರೆ?'

ಅವಳು ಸೊಪ್ಪಿನಿಂದ ತಲೆ ಎತ್ತಲಿಲ್ಲ. 'ಮಾಡೋಕೆ ಒಬ್ರು ಅವ್ರೆ ಅಂತ ಗೊತ್ತಾದ್ಮೇಲೆ ತಾನೇ ಕೆಲ್ಸ ಬರೋದು?'

ಅವಳು ಹೇಳಿದ್ದು ಕಾರ್ಟೂನಿನ ವಿಷಯವನ್ನೇ. ಆದರೂ ಒಳಗಿನ ಮಂಚದಿಂದ ಶೈಲಾಳ ಧ್ವನಿ ಬಂತು: 'ರೀ, ಆ ಸೊಪ್ಪು ಈ ಕಡೆ ಕೊಡಿ. ನಂಗೆ ಬೆನ್ನು ತಾನೇ ಕೆಟ್ಟಿರೋದು, ಕೈ ಅಲ್ವಲ್ಲ.'

ಎರಡು ದಿನ ಬಿಟ್ಟು ಪುಟ್ಟುವನ್ನು ಕರೆತರಲು ಶಾಲೆಗೆ ಹೋದಾಗ ಆಟದ ಮೇಡಂ ನನ್ನನ್ನು ತಡೆದು ನಿಲ್ಲಿಸಿದರು. 'ಬೃಂದಾನ ಥ್ರೋಬಾಲ್ ಟೀಮಿಂದ ಬಿಡಿಸ್ಬಿಟ್ರಲ್ಲ ಸಾರ್. ಶನಿವಾರ ಟಿ. ನರಸೀಪುರದಲ್ಲಿ ಮ್ಯಾಚು. ನೀವೇ ಬೇಡ ಅಂದ್ರಂತೆ?'

ಅವಳು ಟೀಮಿನಲ್ಲಿ ಇದ್ದದ್ದೂ ನನಗೆ ಗೊತ್ತಿರಲಿಲ್ಲ.

ಮನೆಗೆ ಬಂದವನೇ ಕೇಳಿದೆ: 'ನಾನ್ಯಾವಾಗವ್ವ ಬೇಡ ಅಂದೆ?'

'ನೀನು ಅನ್ನಲಿಲ್ಲ' ಎಂದಳು, ಕೋಪವಿಲ್ಲದೆ. 'ಬೇಡ ಅನ್ನೋಕೂ ನಿಂಗೆ ಗೊತ್ತಿರ್ಬೇಕಲ್ಲಪ್ಪ.'

ಮರುದಿನ ಸೂಪರ್‌ವೈಸರ್ ಕೈಕಾಲು ಹಿಡಿದು ಹದಿನೈದು ದಿನ ರಜೆ ಹಾಕಿದೆ, ಆಮೇಲೆ ಜನರಲ್ ಶಿಫ್ಟ್ ಕೇಳಿಕೊಂಡೆ. ಶೈಲಾ ಮಲಗಿದಲ್ಲಿಂದಲೇ ಆಜ್ಞೆ ಕೊಡುತ್ತಿದ್ದಳು, ನಾನು ಸೌಟು ಹಿಡಿದೆ. ನನ್ನ ಮೊದಲ ಅಡುಗೆ ಉಂಡ ಪುಟ್ಟು, 'ಅಪ್ಪ, ಇದು ಸಾರಾ, ಬಿಸಿನೀರಾ?' ಎಂದು ನಿಜವಾಗಿಯೂ ತಿಳಿಯದೆ ಕೇಳಿದ.

ಶನಿವಾರ ಬೃಂದಾಳನ್ನು ಬೈಕಿನಲ್ಲಿ ಟಿ. ನರಸೀಪುರಕ್ಕೆ ಕರೆದುಕೊಂಡು ಹೋದೆ. ಆರು ವಾರ ಪ್ರಾಕ್ಟೀಸ್ ತಪ್ಪಿಸಿದವಳನ್ನು ಮೇಡಂ ಎಕ್ಸ್‌ಟ್ರಾ ಆಗಿ ಕೂರಿಸಿದರು. ಅದು ನ್ಯಾಯವೇ. ಮ್ಯಾಚ್ ಮುಗಿಯುವವರೆಗೂ ಅವಳು ಬೆಂಚಿನಿಂದ ಏಳಲಿಲ್ಲ. ಅವಳ ಟೀಮು ಗೆದ್ದಿತು. ವಾಪಸ್ ಬರುವಾಗ ಸಂಗಮದ ಬಳಿ ಬೈಕ್ ನಿಲ್ಲಿಸಿ ಎಳನೀರು ಕೊಡಿಸಿದೆ. ಮಾತು ತೆಗೆದವಳು ಅವಳೇ.

'ನಾನಿಲ್ದೇನೂ ಗೆದ್ರಲ್ಲಪ್ಪ.'

'ಬೇಜಾರಾಯ್ತಾ ಮಗಳೇ?'

'ಇಲ್ಲ ಕಣಪ್ಪ' ಎಂದು ನಕ್ಕಳು. 'ಎಷ್ಟು ಹಗುರ ಆಯ್ತು ಗೊತ್ತಾ?'

ಕಪಿಲೆ ಕಾವೇರಿಯನ್ನು ಸೇರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ, ಕೈಮುಗಿದಿದ್ದೇನೆ. ಅವತ್ತು ನೀರಿನ ಕಡೆ ಕಣ್ಣು ಹೋಗಲೇ ಇಲ್ಲ. ಎಳನೀರಿನ ಬುರುಡೆ ಹಿಡಿದು ಕೂತಿದ್ದ ಆ ಹದಿಮೂರರ ಮಗುವನ್ನೇ ನೋಡುತ್ತಿದ್ದೆ. ದೇವಸ್ಥಾನದಲ್ಲಿ ಮಂಗಳಾರತಿಯ ಹೊತ್ತಿಗೆ ಬರುವಂಥ ಒಂದು ಭಯಭಕ್ತಿ ಬಂದಿತ್ತು.

ಆಮೇಲೆ ಆ ಕಾರ್ಟೂನನ್ನು ಕೊನೆಯ ಕಂತಿನವರೆಗೂ ಅವಳ ಪಕ್ಕದಲ್ಲೇ ಕೂತು ನೋಡಿದೆ. ಗೆರೆಗಳ ವಿಷಯ ಅದರಲ್ಲಿ ಯಾರೂ ಬಾಯಿಬಿಡಲೇ ಇಲ್ಲ. ದೂರದ ದೇಶದಲ್ಲಿ ಯಾರೋ ಕೂತು ಪ್ರತಿ ಕಂತಿಗೂ ತಮ್ಮನ ಗೆರೆಯನ್ನು ಒಂದಿಷ್ಟು ಮೇಲಕ್ಕೆ ಬರೆದಿದ್ದಾರೆ. ನೋಡುವವರು ನೋಡಲಿ ಎಂದು ಸುಮ್ಮನಾಗಿದ್ದಾರೆ. ಅದನ್ನು ನೆನೆದರೆ ಈಗಲೂ ಸೋಜಿಗವಾಗುತ್ತದೆ, ಸ್ವಲ್ಪ ಹೆದರಿಕೆಯೂ ಆಗುತ್ತದೆ.

ಬೃಂದಾಳಿಗೆ ಈಗ ಹದಿನೇಳು. ನನಗಿಂತ ಎರಡು ಬೆರಳು ಎತ್ತರ. ಕಳೆದ ಭಾನುವಾರ ಹೆಡತಲೆ ಗ್ರಾಮದಿಂದ ನಮ್ಮ ದೊಡ್ಡವ್ವ ಬಂದವಳು ಮುಚ್ಚಿದ ಕೋಣೆಯ ಕಡೆ ಕತ್ತು ಚಾಚಿ, 'ಒತ್ತು ನೆತ್ತಿಗ್ ಬತ್ತಾ ಅದೆ, ಎಣ್ಮಗ ಇನ್ನೂ ಎದ್ದಿಲ್ವೇನ್ಲಾ?' ಎಂದಳು.

'ಮೆತ್ತಗೆ ಮಾತಾಡು ದೊಡ್ಡವ್ವ, ಎಚ್ಚರ ಆದಾಳು' ಎಂದೆ. 'ಕಾಫಿಗೆ ಸಕ್ಕರೆ ಎಷ್ಟು ಹಾಕ್ಲಿ?'