ಮೂವತ್ತೈದು ವರ್ಷದ ಪ್ರೊಬೇಷನ್

ಯುರೋಪಿನ ದೇಶಗಳಲ್ಲಿ ಸರಕಾರಿ ನೌಕರಿಯ ವ್ಯವಸ್ಥೆ ಹೇಗಿದೆ ಎಂಬುದನ್ನು ಬಲ್ಲವರು ಅನೇಕರಿರಬಹುದು. ಆದರೆ ಅದನ್ನು ನನ್ನಂಥ ಮಂದಬುದ್ಧಿಯವನ ತಲೆಗೂ ಹತ್ತುವಂತೆ ಹೇಳಬಲ್ಲವರು ಜರ್ಮನಿಯ ಈ ನಮ್ಮ ಭಾಗದ ಜಿಲ್ಲಾ ಕಚೇರಿಗಳಲ್ಲಿ ಒಬ್ಬರೇ ಇದ್ದರು. ಅವರೇ ನಮ್ಮ ಸಿಬ್ಬಂದಿ ವಿಭಾಗದ ಮುಖ್ಯಸ್ಥೆಯಾಗಿದ್ದು ಕಳೆದ ಆಗಸ್ಟ್ ತಿಂಗಳ ಕೊನೆಗೆ ನಿವೃತ್ತರಾದ ಶ್ರೀಮತಿ ರೋಸ್ವಿತಾ ಓಸ್ಟರ್‌ಲೋ ಅವರು. 'ನಿವೃತ್ತರಾದ' ಎಂಬ ಈ ಒಂದು ಮಾತನ್ನು ನಾನು ಈಗ ನಿರಾಯಾಸವಾಗಿ ಬರೆದುಬಿಟ್ಟೆ. ಆಗಸ್ಟ್ ಮೂವತ್ತೊಂದರ ಬೆಳಿಗ್ಗೆ ಹನ್ನೊಂದರವರೆಗೆ ಹಾಗೆ ಬರೆಯಲು ಯಾರಿಗೂ ಅಧಿಕಾರವಿರಲಿಲ್ಲ.

ಅಭಿನಂದನ ಗ್ರಂಥದ ಸಂಪಾದಕರು ನನ್ನಿಂದ ಬಯಸಿದ್ದು ಅವರ ಸೇವೆಯ ಒಂದು ಕ್ರಮಬದ್ಧ ಚಿತ್ರಣ. ಕ್ರಮಬದ್ಧವಾಗಿಯೇ ಹೊರಡುತ್ತೇನೆ, ಎಲ್ಲಿಗೆ ತಲುಪುತ್ತೇನೋ ಗೊತ್ತಿಲ್ಲ.

ಹೊಸದಾಗಿ ಸೇರಿದವರಿಗೆ ಓಸ್ಟರ್‌ಲೋ ಅವರು ಮಾಡುತ್ತಿದ್ದ ಮೊದಲ ದಿನದ ಪಾಠವನ್ನು ನಾನು ಹನ್ನೊಂದು ಸಲ ಕೇಳಿದ್ದೇನೆ, ಹನ್ನೊಂದು ಸಲವೂ ತಬ್ಬಿಬ್ಬಾಗಿದ್ದೇನೆ. ಕೆಲವು ದೇಶಗಳಲ್ಲಿ ನೌಕರಿಯೆಂದರೆ ಮೆಟ್ಟಿಲು ಎನ್ನುತ್ತಿದ್ದರು: ಫ್ರಾನ್ಸಿನಲ್ಲೂ ನಮ್ಮಲ್ಲೂ ಹಾಗೆ, ಕೆಳಗಿನಿಂದ ಹತ್ತಬೇಕು, ಹತ್ತಿದವರು ಸಾಮಾನ್ಯವಾಗಿ ಬೀಳುವುದಿಲ್ಲ. ಇನ್ನು ಕೆಲವು ದೇಶಗಳಲ್ಲಿ ನೌಕರಿಯೆಂದರೆ ಬಾಗಿಲು: ಸ್ವೀಡನ್ನಿನಲ್ಲಿ ಒಂದು ಕುರ್ಚಿ ಖಾಲಿಯಾದರೆ ಜಾಹೀರಾತು ಕೊಡುತ್ತಾರೆ, ಹೊರಗಿನವರು ಯಾರು ಬೇಕಾದರೂ ಬಂದು ನೇರವಾಗಿ ಕೂರಬಹುದು. ನೆರೆಯ ಹಾಲೆಂಡಿನವರು ಮೊನ್ನೆ ಮೊನ್ನೆ ಮೆಟ್ಟಿಲು ಕಿತ್ತುಹಾಕಿ, ಬಹುಪಾಲು ಸರಕಾರಿ ನೌಕರರನ್ನೂ ಬೇರೆ ಕೆಲಸಗಾರರಂತೆ ಒಪ್ಪಂದಕ್ಕೆ ಸೇರಿಸಿದರು. ನಮ್ಮಲ್ಲಿ ಮಾತ್ರ ಎರಡೂ ಉಂಟು. ಒಂದೇ ಕೋಣೆಯಲ್ಲಿ, ಒಂದೇ ಕಾಫಿ ಯಂತ್ರದ ಎದುರು, ಪ್ರಮಾಣವಚನ ಸ್ವೀಕರಿಸಿದ ಅಧಿಕಾರಿಯೊಬ್ಬ, ಒಪ್ಪಂದಕ್ಕೆ ಸಹಿ ಹಾಕಿದ ನೌಕರನೊಬ್ಬ. ಕಡತ ಅದೇ, ಕೆಲಸ ಅದೇ. ಮುಷ್ಕರದ ದಿನ ಒಪ್ಪಂದದವರು ಹೊರಗೆ ಪೀಪಿ ಊದುತ್ತಾ ನಿಂತಿರುತ್ತಾರೆ, ಪ್ರಮಾಣದವರು ಮುಷ್ಕರ ಮಾಡುವಂತಿಲ್ಲವಾದ್ದರಿಂದ ಒಳಗೆ ಕೂತು ಕಿಟಕಿಯಿಂದ ಅವರಿಗೆ ಕೈಬೀಸುತ್ತಾರೆ. ಇದು ಯಾಕೆ ಹೀಗೆ ಎಂದು ನಾನೊಮ್ಮೆ ಕೇಳಿದ್ದೆ.

"ಹೆರ್ ನೀಬೂರ್, ಯಾಕೆ ಅಂತ ಕೇಳಬೇಡಿ, ಯಾವಾಗಿಂದ ಅಂತ ಕೇಳಿ. ಅದಕ್ಕಾದ್ರೆ ನನ್ನ ಹತ್ರ ಉತ್ತರ ಇದೆ," ಎಂದಿದ್ದರು.

ಆ 'ಯಾವಾಗಿಂದ' ಎಂಬುದೇ ಅವರ ಶಾಸ್ತ್ರದ ತಿರುಳು. ನಮ್ಮಲ್ಲಿ ಅಧಿಕಾರಿಯಾಗುವುದು ಪರೀಕ್ಷೆ ಪಾಸಾದಾಗ ಅಲ್ಲ, ಆದೇಶಕ್ಕೆ ಸಹಿ ಬಿದ್ದಾಗಲೂ ಅಲ್ಲ. ಮೊಹರು ಹಾಕಿದ ನೇಮಕ ಪತ್ರವನ್ನು ಕಚೇರಿಯ ಪರವಾಗಿ ಒಬ್ಬರು ಕೈಯಾರೆ ಕೊಟ್ಟು, ಇನ್ನೊಬ್ಬರು ಕೈಯಾರೆ ತೆಗೆದುಕೊಂಡ ಗಳಿಗೆಯಲ್ಲಿ. ಹಿಂದಿನ ತಾರೀಖು ಹಾಕಿ ಕೊಡುವಂತಿಲ್ಲ. ಹೀಗೆ ಎರಡು ಸಲ ಆಗಬೇಕು: ಮೊದಲು ಪ್ರೊಬೇಷನ್‌ಗೆ ಒಂದು ಪತ್ರ, ಮೂರು ವರ್ಷ ಕಳೆದ ಮೇಲೆ ಖಾಯಂ ಆಗಲು ಇನ್ನೊಂದು. "ಕೈಗೆ ಬರೋವರೆಗೂ ಅದು ಬರೀ ಕಾಗದ," ಎಂದು ಅವರು ಹೇಳುವಾಗ ಹೊಸಬರು ತಮ್ಮ ಅಂಗೈ ನೋಡಿಕೊಳ್ಳುತ್ತಿದ್ದರು.

ಈಗ ನನ್ನ ಸಂಗತಿಗೆ ಬರುತ್ತೇನೆ, ಅವರ ಸಂಗತಿ ಅದರೊಳಗೇ ಸಿಕ್ಕಿಕೊಂಡಿದೆ. ಸಾವಿರದ ಒಂಬೈನೂರ ತೊಂಬತ್ತೊಂದರಲ್ಲಿ ನಾನು ವಾಹನ ನೋಂದಣಿ ವಿಭಾಗದಲ್ಲಿ ಒಪ್ಪಂದದ ನೌಕರ. ಆಗಿನ ನಿಯಮದಂತೆ ಮೂವತ್ತೆರಡು ತುಂಬಿದವರನ್ನು ಅಧಿಕಾರಿಯಾಗಿ ಸೇರಿಸಿಕೊಳ್ಳುವಂತಿರಲಿಲ್ಲ. ನನಗೆ ಮೂವತ್ತೆರಡು ತುಂಬಲು ಒಂದೇ ದಿನವಿತ್ತು, ನೇಮಕ ಪತ್ರ ಜಿಲ್ಲಾಧಿಕಾರಿಗಳ ಕೋಣೆಯ ಮುಂದೆ ಮೇಜಿನ ಮೇಲೆ ಸಿದ್ಧವಿತ್ತು, ಮತ್ತು ನಾನು ಅಪೆಂಡಿಕ್ಸ್ ಕೊಯ್ಯಿಸಿಕೊಂಡು ಮೂವತ್ತು ಕಿಲೋಮೀಟರ್ ದೂರದ ಆಸ್ಪತ್ರೆಯಲ್ಲಿ ಮಲಗಿದ್ದೆ. ನನ್ನ ಹಣೆಬರಹವೇ ಅಂಥದ್ದು.

ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಕೋಟಿನ ಮೇಲೆಲ್ಲ ಹಿಮ ಮೆತ್ತಿಕೊಂಡ ಹೆಂಗಸೊಬ್ಬರು ನನ್ನ ಮಂಚದ ಪಕ್ಕ ಬಂದು ನಿಂತರು. ಸಿಬ್ಬಂದಿ ವಿಭಾಗದ ಕಿರಿಯ ಅಧಿಕಾರಿ ಓಸ್ಟರ್‌ಲೋ ಎಂದು ಗುರುತು ಹಿಡಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಎರಡು ಬಸ್ಸು ಬದಲಾಯಿಸಿ ಬಂದಿದ್ದರು.

"ಎದ್ದು ಕೂತ್ಕೊಳ್ಳೋಕಾಗತ್ತಾ?"

"ಆಗಲ್ಲ, ಫ್ರೌ ಓಸ್ಟರ್‌ಲೋ. ಹೊಲಿಗೆ ಬಿಟ್ಟೋಗತ್ತೆ ಅಂದಿದಾರೆ."

"ಹಾಗಾದ್ರೆ ಬರೀ ಕೈ ಚಾಚಿ. ಆ ಕೈ ಅಲ್ಲ, ಅದರಲ್ಲಿ ಸೂಜಿ ಇದೆ. ಹಾಂ. ಈಗ ಓದಿ. ಪೂರ್ತಿ ಓದಬೇಕು, ಕಣ್ಣಾಡಿಸಿದ್ರೆ ಸಾಲದು."

ಓದಿದೆ, ಸಹಿ ಹಾಕಿದೆ. ಕಣ್ಣಲ್ಲಿ ನೀರು ಬಂತು; ಅದು ಸಂತೋಷಕ್ಕೋ ಹೊಟ್ಟೆಯ ನೋವಿಗೋ ಈಗಲೂ ಹೇಳಲಾರೆ. ಹೊರಡುವಾಗ ಅವರು, "ನಾಳೆ ಹುಟ್ಟುಹಬ್ಬಕ್ಕೆ ಇವತ್ತೇ ಶುಭಾಶಯ ಹೇಳಲ್ಲ, ಒಳ್ಳೇದಲ್ಲ. ಇದು ನೇಮಕಕ್ಕೆ ಮಾತ್ರ," ಎಂದು ಕೈ ಕುಲುಕಿ ಬಸ್ಸು ಹಿಡಿಯಲು ಓಡಿದರು. ಈ ಉಪಕಾರವನ್ನು ನಾನು ಕಚೇರಿಯ ಕ್ರಿಸ್‌ಮಸ್ ಕೂಟಗಳಲ್ಲಿ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಹೇಳಿದಾಗಲೆಲ್ಲ ಅವರು ಮುಖ ತಿರುಗಿಸಿ ಕಿಟಕಿ ನೋಡುತ್ತಿದ್ದರು. ಸಂಕೋಚದ ಸ್ವಭಾವ ಅಂದುಕೊಂಡಿದ್ದೆ. ಎಂಥ ಬೆಪ್ಪ ನಾನು!

ಮುಂದೆ ಅವರು ಮುಖ್ಯಸ್ಥೆಯಾದರು, ನನ್ನನ್ನು ತಮ್ಮ ವಿಭಾಗಕ್ಕೆ ಕರೆಸಿಕೊಂಡರು. ಇಪ್ಪತ್ತಾರು ವರ್ಷ ಎದುರುಬದುರು ಕೂತೆವು, ಒಮ್ಮೆಯೂ ಏಕವಚನಕ್ಕಿಳಿಯಲಿಲ್ಲ. ನೂರಾರು ಮಂದಿಯ ಕೈಗೆ ಪತ್ರ ತಲುಪಿಸಿದರು. ಹೆರಿಗೆಗೆ ಹೊರಟವಳಿಗೆ ಕಾರಿನ ಕಿಟಕಿಯಿಂದ, ಅಗ್ನಿಶಾಮಕ ದಳದವನಿಗೆ ಏಣಿಯ ಬುಡದಲ್ಲಿ. ಅವರ ಕಾಲದಲ್ಲಿ ಒಂದೇ ಒಂದು ನೇಮಕ ಅಸಿಂಧುವಾಗಲಿಲ್ಲ ಎಂದು ನಾವೆಲ್ಲ ಎದೆಯುಬ್ಬಿಸಿ ಹೇಳುತ್ತಿದ್ದೆವು.

ಕಳೆದ ಆಗಸ್ಟ್ ಮೂರರಂದು, ಈ ಗ್ರಂಥಕ್ಕಾಗಿ ತಾರೀಖುಗಳನ್ನು ಬರೆದುಕೊಳ್ಳಲು ಅವರ ಸ್ವಂತ ಸೇವಾ ಕಡತವನ್ನು ತರಿಸಿಕೊಂಡೆ. ನಿಯಮದಂತೆ ಅದು ನಮ್ಮ ವಿಭಾಗದಲ್ಲಿರದೆ ಜಿಲ್ಲಾಧಿಕಾರಿಗಳ ಬೀರುವಿನಲ್ಲಿತ್ತು. ಎಲ್ಲರ ಕಡತ ನೋಡುವವರ ಕಡತವನ್ನು ಯಾರು ನೋಡುತ್ತಾರೆ? ತೊಂಬತ್ತೊಂದರ ಹಾಳೆಗಳ ನಡುವೆ ಅವರನ್ನು ಖಾಯಂ ಮಾಡಿದ ಪತ್ರ ಇತ್ತು. ನಕಲಲ್ಲ, ಮೂಲ ಪತ್ರ. ಮೊಹರಿತ್ತು, ಈಗ ತೀರಿಹೋಗಿರುವ ಅಂದಿನ ಜಿಲ್ಲಾಧಿಕಾರಿಗಳ ಸಹಿ ಇತ್ತು, ಅದಕ್ಕೆ ಗುಂಡುಸೂಜಿಯಿಂದ ಚುಚ್ಚಿದ್ದ ಸ್ವೀಕೃತಿ ಚೀಟಿ ಖಾಲಿಯಿತ್ತು. ಪತ್ರ ಅವರ ಕೈಗೆ ಹೋಗಿಯೇ ಇರಲಿಲ್ಲ. ಎಂಬತ್ತೆಂಟರಲ್ಲಿ ಪ್ರೊಬೇಷನ್‌ಗೆ ಸೇರಿದ ಓಸ್ಟರ್‌ಲೋ ಅವರು, ನಮ್ಮೆಲ್ಲರ ಗುರು, ಮೂವತ್ತೈದು ವರ್ಷದಿಂದ ಪ್ರೊಬೇಷನ್‌ನಲ್ಲೇ ಇದ್ದರು.

ಪ್ರೊಬೇಷನ್‌ನಲ್ಲಿರುವವರು ವಯಸ್ಸಿನ ಮಿತಿ ಮುಟ್ಟಿದರೆ ನಿವೃತ್ತರಾಗುವುದಿಲ್ಲ, ಕೆಲಸದಿಂದ ಬಿಡುಗಡೆಯಾಗುತ್ತಾರೆ. ಕನ್ನಡಿಯಂತೆ ಸ್ಪಷ್ಟವಾದ ಕಾನೂನು. ಅವರು ಮಿತಿ ಮುಟ್ಟುವುದು ಆಗಸ್ಟ್ ಕೊನೆಗೆ. ಅಷ್ಟರೊಳಗೆ ಏನಾದರೂ ಆಗದಿದ್ದರೆ ನಿವೃತ್ತಿವೇತನವೂ ಇಲ್ಲ, ಗೌರವವೂ ಇಲ್ಲ, ಈ ಗ್ರಂಥಕ್ಕೆ ಅರ್ಥವೂ ಇಲ್ಲ. ಮೂರು ದಿನ ನನಗೆ ಊಟ ಸೇರಲಿಲ್ಲ. ಹಳೆಯ ಪತ್ರವನ್ನೇ ಈಗ ಕೊಡಬಹುದೇ? ಸತ್ತವರ ಸಹಿಗೆ ಜೀವವಿದೆಯೇ? ಪರಿಚಯದ ವಕೀಲರು ಇದೆ ಎಂದರು. ರಾಜಧಾನಿಯ ಸಚಿವಾಲಯದವರು ಇಲ್ಲ ಎಂದರು. ಮರುದಿನ ಅದೇ ಸಚಿವಾಲಯದ ಇನ್ನೊಬ್ಬರು ಫೋನ್ ಮಾಡಿ, ಇಂಥ ಜಟಿಲ ಪ್ರಶ್ನೆಯಿದ್ದರೆ ನಿಮ್ಮ ಜಿಲ್ಲೆಯಲ್ಲೇ ಒಬ್ಬ ಓಸ್ಟರ್‌ಲೋ ಎಂಬುವರಿದ್ದಾರೆ, ಅವರನ್ನು ಕೇಳಿ ಎಂದರು. ನಾನು ಫೋನ್ ಕೆಳಗಿಟ್ಟು ಹಣೆ ಚಚ್ಚಿಕೊಂಡೆ.

ಕೊನೆಗೆ ಬೇರೆ ದಾರಿ ಕಾಣದೆ, ಹೆಸರು ಹೇಳದೆ, 'ಒಬ್ಬ ವ್ಯಕ್ತಿ' ಎಂದು ಬರೆದು ಪ್ರಶ್ನೆಯನ್ನು ಅವರ ಮೇಜಿಗೇ ಕಳಿಸಿದೆ. ಮಧ್ಯಾಹ್ನದೊಳಗೆ ಹಸಿರು ಶಾಯಿಯಲ್ಲಿ ಉತ್ತರ ಬಂತು: ಹಳೆಯ ಪತ್ರ ನಿರುಪಯೋಗಿ, ಆ ವ್ಯಕ್ತಿ ಪ್ರೊಬೇಷನ್‌ನಲ್ಲಿದ್ದಾರೆ, ಹೊಸ ಪತ್ರ ಸಕಾಲದಲ್ಲಿ ಕೈ ಸೇರದಿದ್ದರೆ ಬಿಡುಗಡೆ ಮಾಡತಕ್ಕದ್ದು, ಕನಿಕರಕ್ಕೆ ಅವಕಾಶವಿಲ್ಲ. ನಾನು ಆ ಹಾಳೆಯನ್ನು ಹಿಡಿದುಕೊಂಡು ಅವರೆದುರು ನಿಂತೆ.

"ಫ್ರೌ ಓಸ್ಟರ್‌ಲೋ, ಆ ವ್ಯಕ್ತಿ... ನೀವು."

ಅವರು ಕನ್ನಡಕ ತೆಗೆದು ಒರೆಸಿದರು. "ಹೌದು. ಆದ್ರೂ ಉತ್ತರ ಅದೇ."

"ನಿಮಗೆ ಗೊತ್ತಿತ್ತಾ?"

"ಕೆಲಸ ನೋಡಿ, ಹೆರ್ ನೀಬೂರ್. ಇಪ್ಪತ್ತು ದಿನ ಇದೆ."

ಆ ಇಪ್ಪತ್ತು ದಿನಗಳನ್ನು ನೆನೆದರೆ ಈಗಲೂ ತಲೆ ಗಿರ್ರೆನ್ನುತ್ತದೆ. ಈಗಿನ ಜಿಲ್ಲಾಧಿಕಾರಿ ಶ್ರೀಮತಿ ಟೀಲೆಮಾನ್ ಅವರು ವಿಷಯ ಕೇಳಿ ಮೊದಲು ನಕ್ಕರು, ಆಮೇಲೆ ಬಿಳಿಚಿಕೊಂಡರು. ಖಾಯಂ ಮಾಡಬೇಕಾದರೆ ಪ್ರೊಬೇಷನ್ ಅವಧಿಯ ಮೌಲ್ಯಮಾಪನ ಬೇಕು. ತಮಗಿಂತ ಇಪ್ಪತ್ತು ವರ್ಷ ಹಿರಿಯರ ಬಗ್ಗೆ ಅವರು 'ಕಲಿಯುವ ಆಸಕ್ತಿ ಇದೆ' ಎಂಬ ಸಾಲಿಗೆ ಗುರುತು ಹಾಕಬೇಕಾಯಿತು. ನೌಕರರ ಸಮಿತಿಯ ಒಪ್ಪಿಗೆ ಬೇಕು; ಸಮಿತಿಯೆಲ್ಲ ರಜೆಯ ಮೇಲೆ ಸಮುದ್ರತೀರದಲ್ಲಿತ್ತು. ನಿವೃತ್ತಿಯ ವಯಸ್ಸಿನವರೆಗೆ ಆರೋಗ್ಯ ತಡೆಯುತ್ತದೆ ಎಂದು ಕೆಳಮಹಡಿಯ ಸರಕಾರಿ ವೈದ್ಯರು ಬರೆದುಕೊಡಬೇಕು.

"ನಿವೃತ್ತಿಗೆ ಇನ್ನೆಷ್ಟು ದಿನ ಇದೆ?" ಎಂದರು ವೈದ್ಯರು.

"ಹನ್ನೊಂದು."

"ತಡೀತಾರೆ ಬಿಡಿ," ಎಂದು ಸಹಿ ಹಾಕಿದರು. ಆದರೂ ರಕ್ತ ಪರೀಕ್ಷೆ ಮಾಡಿಸದೆ ಬಿಡಲಿಲ್ಲ.

ಸಮಿತಿಯ ಕೊನೆಯ ಸಹಿ ಬಂದದ್ದು ಮೂವತ್ತೊಂದನೆಯ ತಾರೀಖು ಹತ್ತೂವರೆಗೆ. ಹನ್ನೊಂದಕ್ಕೆ ಟೀಲೆಮಾನ್ ಅವರು ಪತ್ರ ಓದಿ ಚಾಚಿದರು. ಓಸ್ಟರ್‌ಲೋ ಅವರು ಎರಡು ಕೈಯಲ್ಲಿ ತೆಗೆದುಕೊಂಡು, ನಾವು ನಿಂತಿರುವಂತೆಯೇ ಮೊದಲಿನಿಂದ ಕೊನೆಯವರೆಗೆ ಓದಿದರು, ಮೊಹರು ನೋಡಿದರು, ಚೀಟಿಗೆ ಸಹಿ ಹಾಕಿದರು. ಆ ಕ್ಷಣದಿಂದ ರಾತ್ರಿ ಹನ್ನೆರಡರವರೆಗೆ, ಹದಿಮೂರು ಗಂಟೆಗಳ ಕಾಲ ಅವರು ಖಾಯಂ ಅಧಿಕಾರಿಯಾಗಿದ್ದರು. ಆಮೇಲೆ ಕಾನೂನಿನ ಪ್ರಕಾರ, ಎಲ್ಲರ ಹಾಗೆ, ನಿವೃತ್ತರಾದರು. ನಾನು ಎಲ್ಲರೆದುರು ಅತ್ತುಬಿಟ್ಟೆ. ಈ ಸಲ ಯಾವುದಕ್ಕೆಂದು ಗೊತ್ತಿತ್ತು.

ಈರುಳ್ಳಿ ಹಚ್ಚಿದ ಮಾಂಸದ ಬನ್ನು ತಿಂದು ಎಲ್ಲರೂ ಚದುರಿದ ಮೇಲೆ, ಖಾಲಿ ಗ್ಲಾಸುಗಳ ನಡುವೆ, ಇಪ್ಪತ್ತು ದಿನದಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದದ್ದನ್ನು ಕೇಳಿದೆ: ಅಂದು ಇವರ ಪತ್ರ ಯಾಕೆ ಉಳಿಯಿತು?

"ನೀವು ಕೇಳ್ತೀರಿ ಅಂತ ಗೊತ್ತಿತ್ತು," ಎಂದರು. "ಆವತ್ತು ಇಬ್ಬರದೂ ಒಟ್ಟಿಗೇ ಇತ್ತು, ನಿಮ್ಮದು ಪ್ರೊಬೇಷನ್‌ಗೆ, ನನ್ನದು ಖಾಯಂಗೆ. ಎಂಟೂವರೆಗೆ ಫೋನ್ ಬಂತು, ಸಾಹೇಬರು ರಾಜಧಾನಿಯಲ್ಲಿ ಸಿಕ್ಕಿಹಾಕ್ಕೊಂಡಿದಾರೆ, ಸಮಾರಂಭ ಶುಕ್ರವಾರ ಅಂತ. ಎಲ್ರೂ ಸರಿ ಅಂದ್ರು. ಶುಕ್ರವಾರಕ್ಕೆ ನಿಮಗೆ ಮೂವತ್ತೆರಡು ಆಗಿಹೋಗಿರ್ತಿತ್ತು. ಮೇಜಿನ ಮೇಲಿಂದ ನಿಮ್ಮದನ್ನ ಎತ್ಕೊಂಡು ಬಸ್ಸು ಹತ್ತಿದೆ."

"ಯಾರ ಅಪ್ಪಣೆ ಮೇಲೆ?"

"ಅದೇ ಪ್ರಶ್ನೆ. ಯಾರದ್ದೂ ಇಲ್ಲ. ಶುಕ್ರವಾರ ಯಾರಾದ್ರೂ ಹಾಗೆ ಕೇಳಿದ್ದಿದ್ರೆ ನಿಮ್ಮ ನೇಮಕ ಅಲ್ಲಿಗೇ ಮುಗೀತಿತ್ತು. ವಾಪಸ್ ಬಂದವಳೇ ಗುಮಾಸ್ತೆಗೆ ಹೇಳಿದೆ, ಉಪ ಜಿಲ್ಲಾಧಿಕಾರಿಗಳು ಇಬ್ಬರದ್ದೂ ಕೊಟ್ಟಾಯ್ತು, ಶುಕ್ರವಾರದ ಪಟ್ಟಿಯಿಂದ ಹೆಸರು ಹೊಡೆದುಹಾಕಿ ಅಂತ. ನನ್ನದೊಂದೇ ಉಳಿದಿದ್ರೆ ನಿಮ್ಮದನ್ನ ಯಾರು ಕೊಟ್ರು ಅಂತ ಕೇಳ್ತಿದ್ರು. ಅವಳು ಹೊಡೆದುಹಾಕಿದಳು. ನನ್ನ ಕಾಗದ ಕಡತಕ್ಕೆ ಹೋಯ್ತು."

"ನಿಮ್ಮದನ್ನೂ ಎತ್ಕೊಂಡು ಸಹಿ ಹಾಕಬಹುದಿತ್ತಲ್ಲ, ಫ್ರೌ ಓಸ್ಟರ್‌ಲೋ!"

"ನಿಮಗೆ ಕೊಡೋಕೆ ನಾನಾದ್ರೂ ಇದ್ದೆ. ನನಗೆ ನಾನೇ ಕೊಟ್ಕೊಳ್ಳೋದು ಹೇಗೆ? ಅದು ನೇಮಕ ಅಲ್ಲ, ಕಳ್ಳತನ." ಗ್ಲಾಸುಗಳನ್ನು ತಟ್ಟೆಗೆ ಜೋಡಿಸುತ್ತ ಹೇಳಿದರು, "ಒಂದೇ ಒಂದು ಸುಳ್ಳು ಹೇಳಿದೀನಿ ಈ ಕಚೇರಿಯಲ್ಲಿ. ಇದನ್ನ ಬರೀಬೇಡಿ. ನಿಮಗಿನ್ನೂ ಸರ್ವೀಸಿದೆ."

ಬರೆದಿದ್ದೇನೆ. ಅವರ ಮಾತನ್ನು ಮೀರಿದ್ದು ಇದೇ ಮೊದಲು. ಅಪ್ಪಣೆಯಿಲ್ಲದೆ ಕೊಟ್ಟ ಪತ್ರದಿಂದ ನಾನು ಅಧಿಕಾರಿಯಾದೆನೇ? ಆಗದಿದ್ದರೆ, ಅದರ ಮೇಲೆ ನಿಂತ ನನ್ನ ಖಾಯಂ ಪತ್ರ ಏನು? ನಾನು ಸಹಿ ಹಾಕಿದ ಸಾವಿರಾರು ಕಡತಗಳು ಏನು? ನನಗೆ ತಿಳಿಯದು, ತಿಳಿದವರು ನಿವೃತ್ತರಾಗಿದ್ದಾರೆ. ಆದರೆ ಆ ಹೆಂಗಸು ನನ್ನ ಮೂವತ್ತೆರಡನೆಯ ಹುಟ್ಟುಹಬ್ಬಕ್ಕಾಗಿ ತಮ್ಮ ಇಡೀ ವೃತ್ತಿಜೀವನವನ್ನು ಯಾರು ಬೇಕಾದರೂ ಬೀಳಿಸಬಹುದಾದ ಜಾಗದಲ್ಲಿಟ್ಟು, ನನ್ನೆದುರಿನ ಕುರ್ಚಿಯಲ್ಲೇ ಕೂತು, ಒಂದು ದಿನವೂ ತುಟಿ ಬಿಚ್ಚಲಿಲ್ಲ. ಇದನ್ನು ಮುಚ್ಚಿಟ್ಟು 'ಸಂಕೋಚ ಸ್ವಭಾವದವರು' ಎಂದು ಬರೆದರೆ ನಾನು ಮನುಷ್ಯನೇ ಅಲ್ಲ. ಈ ಲೇಖನದ ಒಂದು ಪ್ರತಿಯನ್ನು, ನನ್ನ ನೇಮಕದ ಸಿಂಧುತ್ವವನ್ನು ಪರಿಶೀಲಿಸಬೇಕೆಂಬ ಕೋರಿಕೆಯೊಡನೆ, ನಿನ್ನೆ ಹೊಸ ಮುಖ್ಯಸ್ಥರ ಕೈಗೇ ಕೊಟ್ಟಿದ್ದೇನೆ, ಸ್ವೀಕೃತಿಗೆ ಸಹಿ ಹಾಕಿಸಿಕೊಂಡಿದ್ದೇನೆ.

ಶ್ರೀಮತಿ ಓಸ್ಟರ್‌ಲೋ ಅವರಿಗೆ ದೀರ್ಘಾಯುಸ್ಸು ಇರಲಿ, ಕೈಕಾಲು ಗಟ್ಟಿಯಿರಲಿ, ಅವರು ಬರೆಯಲು ಕೂತಿರುವ ನೇಮಕ ಶಾಸ್ತ್ರದ ಪುಸ್ತಕ ಬೇಗ ಮುಗಿಯಲಿ. ನನ್ನ ಪ್ರಕರಣಕ್ಕೆ ಅದರಲ್ಲೊಂದು ಪುಟವಿರಲಿ, ಅಲ್ಲೂ ಅವರು ಕನಿಕರ ತೋರಿಸದಿರಲಿ. ಸಂಪಾದಕರು ಲೇಖನದ ಕೊನೆಗೆ ಹೆಸರು ಮತ್ತು ಹುದ್ದೆ ಬರೆಯಬೇಕೆಂದು ಎರಡು ಸಲ ನೆನಪಿಸಿದ್ದಾರೆ. ಹೆಸರು ಎಕ್‌ಹಾರ್ಟ್ ನೀಬೂರ್. ಹುದ್ದೆಯ ಜಾಗವನ್ನು ಖಾಲಿ ಬಿಟ್ಟಿದ್ದೇನೆ.