ಪಿಳ್ಳಮ್ಮ ಕುಯ್ದ ಕುಂಬಳಕಾಯಿ

ಕುಂಬಳಕಾಯಿ ಸೂಪು ಮಾಡುವುದರಲ್ಲಿ ಏನು ಮಹಾ ಇದೆ? ಸಿಪ್ಪೆ ಹೆರೆದು ಹೋಳು ಮಾಡಿ, ನಾಲ್ಕು ಎಸಳು ಬೆಳ್ಳುಳ್ಳಿ, ಒಂದು ಹಿಡಿ ಹೆಸರುಬೇಳೆ ಹಾಕಿ ಕುಕ್ಕರ್ ಎರಡು ಸಲ ಕೂಗಿಸಿದರೆ ಮುಗಿಯಿತು. ಆಮೇಲೆ ನುಣ್ಣಗೆ ಮಸೆದು, ಮೆಣಸು ಜೀರಿಗೆ ಪುಡಿ ಉದುರಿಸಿ ಬಿಸಿಬಿಸಿ ಕೊಡುವುದು. ಟಿ. ದಾಸರಹಳ್ಳಿಯ ಪಿಳ್ಳಮ್ಮನಿಗೆ ಮಾತ್ರ ಆ ಕಾಯಿ ಕುಯ್ಯಿಸುವಷ್ಟರಲ್ಲಿ ಸಾಕುಸಾಕಾಗುತ್ತಿತ್ತು.

ಇಡೀ ಕುಂಬಳಕಾಯಿಗೆ ಹೆಂಗಸು ಮೊದಲು ಚಾಕು ಹಾಕಬಾರದು, ಹಾಕಿದರೆ ಹಿರಿಮಗನಿಗೆ ಕೇಡು ಎನ್ನುವ ಮಾತು ಅವಳು ಹುಟ್ಟಿದ ಮಾಕಳಿಯಲ್ಲೂ ಇತ್ತು, ಕೊಟ್ಟ ಮನೆಯಲ್ಲೂ ಇತ್ತು. ಗಂಡಸು ಒಂದು ಗೀರು ಹಾಕಿಕೊಟ್ಟರೆ ಮಿಕ್ಕಿದ್ದನ್ನು ಅವಳು ಹೆಚ್ಚಿಕೊಳ್ಳಬಹುದು. ಹದಿನಾಲ್ಕು ವರ್ಷದ ಹಿಂದೆ ಒಂದೇ ಒಂದು ಸಲ, ಗಂಡ ಸೋಮಪ್ಪನೂ ಮಗನೂ ಮೊದಲ ಶಿಫ್ಟಿಗೆ ಹೋಗಿದ್ದಾಗ, ಸಾರು ಮಾಡಲು ಹೊತ್ತಾಯಿತೆಂದು ತಾನೇ ಕುಯ್ದುಬಿಟ್ಟಿದ್ದಳು. ಅವತ್ತೇ ಮಧ್ಯಾಹ್ನ ಪೀಣ್ಯದ ಫ್ಯಾಕ್ಟರಿ ಶೆಡ್ಡಿನಲ್ಲಿ ಒಬ್ಬನೇ ಮಗ ರಾಜೇಂದ್ರ ತಗಡು ಒತ್ತುವ ಪ್ರೆಸ್ಸಿನಡಿ ಸಿಕ್ಕಿ ಸತ್ತ. ಇಪ್ಪತ್ತೊಂದು ವರ್ಷದ ಹುಡುಗ. ಸೋಮಪ್ಪ ಅದೇ ಶೆಡ್ಡಿನಲ್ಲಿ ಸೂಪರ್‌ವೈಸರ್. ಅಡುಗೆಮನೆಯಲ್ಲಿದ್ದ ಅರ್ಧ ಕಾಯಿ ನೋಡಿ, ಹೆಣದ ಮುಂದೆ ನೆರೆದವರೆಲ್ಲ ಕೇಳುವಂತೆ ಅವನು ಅಂದ: "ಕಾಯಿ ಕುಯ್ದು ನನ್ ಮಗನ್ನ ತಿಂದ್ಕೊಂಡೆ ಕಣೆ ನೀನು."

ಅವಳು ನಂಬಿದಳು. ಅಯ್ಯೋ, ಹೆತ್ತವಳು ನಂಬದೆ ಏನು ಮಾಡಿಯಾಳು? ಅವತ್ತಿನಿಂದ ಕುಂಬಳಕಾಯಿ ಬಾಯಿಗಿಟ್ಟವಳಲ್ಲ. ಬಾಣಂತಿಯರಿದ್ದ ಮನೆಯ ಹೊಸ್ತಿಲು ತುಳಿದವಳಲ್ಲ.

ಹೋದ ದೀಪಾವಳಿಯ ಮಾರನೇ ದಿನ ಸೋಮಪ್ಪನಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು, ಮಾತು ತೊದಲಾಯಿತು. ಗಂಟಲಲ್ಲಿ ಇಳಿಯುತ್ತಿದ್ದುದು ಕುಂಬಳಕಾಯಿಯ ಗಟ್ಟಿ ಸೂಪೊಂದೇ. ಧನುರ್ಮಾಸದ ಚಳಿ ಬೇರೆ. ಅಂಗಡಿಯ ಹೋಳು ತಂದರೆ, ಯಾವಳು ಕುಯ್ದಳೋ ಎಂದು ಆ ಮಹಾರಾಯ ತೊದಲುತ್ತಲೇ ರೇಗುತ್ತಿದ್ದ. ಹಾಗಾಗಿ ಮೂರು ದಿನಕ್ಕೊಮ್ಮೆ ಪಿಳ್ಳಮ್ಮ ಇಡೀ ಕಾಯಿಯನ್ನು ಕಂಕುಳಲ್ಲಿಟ್ಟುಕೊಂಡು ಎರಡು ಮಹಡಿ ಇಳಿದು, ಇಸ್ತ್ರಿ ಅಂಗಡಿಯ ಮುತ್ತುವಿನ ಕೈಲಿ ಗೀರು ಹಾಕಿಸಿಕೊಂಡು ಮತ್ತೆ ಹತ್ತುತ್ತಿದ್ದಳು. ಮಂಡಿ ನೋವನ್ನು ಯಾರ ಹತ್ತಿರ ಹೇಳಿಕೊಳ್ಳುವುದು.

ಸಂಕ್ರಾಂತಿಗೆಂದು ಮುತ್ತು ಊರಿಗೆ ಹೋದ. ಅವತ್ತು ಬೆಳಿಗ್ಗೆ ಸೋಮಪ್ಪನನ್ನು ನೋಡಿಕೊಂಡು ಹೋಗಲು ಬಾಲಾಜಿ ಬಂದ. ರಾಜೇಂದ್ರನ ಪಕ್ಕದ ಮೆಷೀನಿನಲ್ಲಿ ಕೆಲಸ ಮಾಡುತ್ತಿದ್ದವನು. ಸೋಮಪ್ಪ ನಿದ್ದೆಯಲ್ಲಿದ್ದ. ಸದ್ಯ ಒಬ್ಬ ಗಂಡಸು ಸಿಕ್ಕಿದನಲ್ಲ ಎಂದು ಪಿಳ್ಳಮ್ಮ ಅವನನ್ನು ಅಡುಗೆಮನೆಗೆ ಕರೆದು ಚಾಕು ಕೊಟ್ಟಳು. ಇದೇನಮ್ಮ ಎಂದು ಕೇಳಿದ್ದಕ್ಕೆ ಮಗ ಸತ್ತ ದಿನ ನಡೆದದ್ದನ್ನೆಲ್ಲ ಹೇಳಿದಳು. ಬಾಲಾಜಿ ಚಾಕು ಕೆಳಗಿಟ್ಟ.

"ಅಮ್ಮ, ಒಳಗೆ ಬಗ್ಗಿದ್ರೆ ಪ್ರೆಸ್ ನಿಲ್ಸೋ ಸೆನ್ಸರ್ ಒಂದ್ ವಾರದಿಂದ ಕೆಟ್ಟಿತ್ತು. ರಾಜೇಂದ್ರ ನನ್ ಮುಂದೇನೇ ಅವ್ರಪ್ಪಂಗೆ ಹೇಳ್ದ. ಮೆಷೀನ್ ನಿಲ್ಸಿದ್ರೆ ಓನರ್ ಬೈತಾರೆ, ಹಂಗೇ ಓಡ್ಸು ಅಂದಿದ್ದು ಸೋಮಣ್ಣನೇ. ನಿಮ್ಗೆ ಗೊತ್ತಿದೆ ಅನ್ಕೊಂಡಿದ್ದೆ."

ಅವನು ತಲೆ ತಗ್ಗಿಸಿಕೊಂಡು ಹೋದ.  ಪಿಳ್ಳಮ್ಮ ಚಾಕು ತೆಗೆದುಕೊಂಡು ತಾನೇ ಕಾಯಿಗೆ ಇಳಿಸಿದಳು. ಕೇಡಾಗಲು ಇನ್ನು ಯಾವ ಮಗನಿದ್ದಾನೆ? ಹೋಳುಗಳನ್ನು ಸಣ್ಣಗೆ ಹೆಚ್ಚಿದಳು, ಕುಕ್ಕರಿಟ್ಟಳು, ಮಸೆದಳು, ಮೆಣಸುಪುಡಿ ಉದುರಿಸಿದಳು.

ಬಟ್ಟಲು ತಂದು ಮಂಚದ ಪಕ್ಕ ಕೂತಾಗ ಸೋಮಪ್ಪ ದಿನಾ ಕೇಳುವಂತೆ ಯಾರು ಕುಯ್ದಿದ್ದು ಎಂದು ಕೇಳಿದ.

"ನಾನೇ," ಅಂದಳು. ಅವನು ಬಾಯಿ ಬಿಗಿದುಕೊಂಡ.

"ಸೆನ್ಸರ್ ಕೆಟ್ಟಿದ್ದು ನಿಮ್ಗೆ ಗೊತ್ತಿತ್ತಂತೆ. ಹೌದಾ?"

ಸೋಮಪ್ಪ ಗೋಡೆ ನೋಡಿದ. ಬಿದ್ದುಹೋಗಿದ್ದುದು ಕೈಯೊಂದೇ, ಬುದ್ಧಿ ಚೆನ್ನಾಗಿಯೇ ಇತ್ತು. ಅವಳು ಕಾದಳು. ಇಲ್ಲ ಎನ್ನಲಿ ಎಂದೇ ಕಾದಳು, ಸುಳ್ಳಾದರೂ ಸರಿ. ಅವನ ಕಣ್ಣು ಬಟ್ಟಲಿಗೆ ಬಂತು.

"ಆರೋಗ್ತದೆ," ಎಂದು ತೊದಲಿದ. "ಕೊಡು."

ಪಿಳ್ಳಮ್ಮ ಚಮಚವನ್ನು ತನ್ನ ಬಾಯಿಗಿಟ್ಟುಕೊಂಡಳು. ಹದಿನಾಲ್ಕು ವರ್ಷದ ಮೇಲೆ ಕುಂಬಳಕಾಯಿಯ ಸಿಹಿ ನಾಲಿಗೆಗೆ ತಗುಲಿ ಅಳು ಒತ್ತರಿಸಿಕೊಂಡು ಬಂತು. ಅಳುತ್ತಲೇ ಒಂದೊಂದೇ ಚಮಚ ಕುಡಿದು ಬಟ್ಟಲು ಖಾಲಿ ಮಾಡಿದಳು. ಅವನು ಬಾಯಿ ತೆರೆದುಕೊಂಡು ನೋಡುತ್ತಿದ್ದ. ಕುಕ್ಕರಿನಲ್ಲಿ ಇನ್ನೂ ಸೂಪಿತ್ತು. ಅವಳು ಏಳಲಿಲ್ಲ.